ಸಂಪಾಜೆ ಘಾಟಿ ಇಳಿಯುವ ಸೈಕಲ್ ಸವಾರರಿಗೆ

ಸ್ನಾಯುಗಳು ಕ್ರಮೇಣ ಬಲಗುಂದುವ ಡುಶೆನ್ ಸ್ನಾಯುಕ್ಷಯ ಎಂಬ ಕಾಯಿಲೆಯ ಮಕ್ಕಳ ನೆರವಿಗೆಂದು ಮೈಸೂರಿನಿಂದ ಮಂಗಳೂರಿಗೆ ಸೈಕಲ್ ತುಳಿಯುವವರೇ, ಕುಶಾಲನಗರ ದಾಟಿದ ಮೇಲಿನ ಏರಿಗೆ ಎಲ್ಲರೂ ಹೆದರುತ್ತಾರೆ. ಹೆದರಬೇಕಾದದ್ದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಗೆ. ಒಂದೇ ಸಮನೆ ಬ್ರೇಕ್ ಹಿಡಿದು ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ತಿರುವಿಗೆ ಮೊದಲೇ ಎರಡೂ ಬ್ರೇಕ್ ಒತ್ತಿ ವೇಗ ತಗ್ಗಿಸಿ. ರಿಮ್ ಒದ್ದೆಯಾಗಿದ್ದರೆ ಮೊದಲ ಒತ್ತಿಗೆ ಹಿಡಿತ ಸಿಗದು. ಆಗಾಗ ಹಗುರವಾಗಿ ಒತ್ತಿ ನೀರು ಒರೆಸಿಕೊಳ್ಳುತ್ತಿರಿ. ಮಳೆಗಾಲದಲ್ಲಂತೂ ಈ ದಾರಿ ಬೇಡವೇ ಬೇಡ, 2018ರಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದದ್ದು ನೆನಪಿರಲಿ.

ಇನ್ನು ದೇಣಿಗೆ. ನಮ್ಮ ಕಾಫಿ ಬೆಳೆಗಾರರು ಧಾರಾಳಿಗಳು, ಜೇಬಿನಿಂದ ನೋಟನ್ನೇ ತೆಗೆಯುತ್ತಾರೆ. ಆದರೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ಚೆಕ್ ಕೇಳಿ, ಇಲ್ಲವೇ ಸಂಸ್ಥೆಯದೇ ಖಾತೆಯ ಯುಪಿಐ ಕೋಡ್ ತೋರಿಸಿ.