ವಿಮಾ ಕಂಪನಿಯ ಷೇರು: ಬೆಲೆ ದುಬಾರಿಯೋ ಅಗ್ಗವೋ ಅಳೆಯುವುದು ಹೇಗೆ?

ಸೋಪು ತಯಾರಿಸುವ ಕಂಪನಿಗೆ ಒಂದು ಸೋಪಿನ ಮೇಲೆ ಎಷ್ಟು ಖರ್ಚಾಯಿತು ಎಂಬುದು ಅದನ್ನು ಮಾರುವ ಮೊದಲೇ ಗೊತ್ತಿರುತ್ತದೆ. ವಿಮಾ ಕಂಪನಿಗೆ ಆ ಭಾಗ್ಯವಿಲ್ಲ. ಪ್ರೀಮಿಯಂ ಇಂದು ಕೈಗೆ ಬರುತ್ತದೆ, ಕ್ಲೇಮು ಎಂದು ಬರುತ್ತದೋ ಎಷ್ಟು ಬರುತ್ತದೋ ತಿಳಿಯದು. ವಾಹನದ ಡೆಂಟ್ ಆದರೆ ವಾರದೊಳಗೆ ಬಿಲ್ಲು ಬರುತ್ತದೆ; ಕಾರ್ಖಾನೆಯ ಕಾರ್ಮಿಕನ ಶ್ವಾಸಕೋಶದ ಕಾಯಿಲೆಗೆ ಸಂಬಂಧಿಸಿದ ಬಿಲ್ಲು ಮೂವತ್ತು ವರ್ಷ ಕಳೆದು ಬರಬಹುದು. ಶ್ವಾಸಕೋಶ ಕೆಡಿಸುವ ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸಿನ, ವಿಷಯದಲ್ಲಿ ಆದದ್ದು ಅದೇ. ದಶಕಗಳ ಹಿಂದೆ ಮಾರಿದ ಪಾಲಿಸಿಗಳ ಕ್ಲೇಮುಗಳು ಒಟ್ಟಾಗಿ ಬಂದೆರಗಿ ಲಾಯ್ಡ್ಸ್ ಆಫ್ ಲಂಡನ್ ಎಂಬ ವಿಮಾ ಮಾರುಕಟ್ಟೆ ತತ್ತರಿಸಿತು. 1992 ಮತ್ತು ಅದಕ್ಕೂ ಹಿಂದಿನ ವರ್ಷಗಳ ಹೊಣೆಗಳನ್ನು ಬೇರ್ಪಡಿಸಿ ಹೊರಲು 1996ರಲ್ಲಿ ಇಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಬೇಕಾಯಿತು.

ಹೀಗಾಗಿ ವಿಮಾ ಕಂಪನಿಯ ‘ಲಾಭ’ ಎಂಬ ಅಂಕಿಯ ಒಳಗೆ ದೊಡ್ಡದೊಂದು ಅಂದಾಜು ಕುಳಿತಿರುತ್ತದೆ. ನಾನು ಮೊದಲ ಸಲ ವಿಮಾ ಷೇರು ಕೊಂಡಾಗ ಪಿಇ ಅನುಪಾತ (ಷೇರಿನ ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಅಂಕಿ) 8 ಎಂಬುದನ್ನಷ್ಟೇ ನೋಡಿ ಹಿಗ್ಗಿದ್ದೆ. ಮರುವರ್ಷ ಕಂಪನಿ ಹಳೆಯ ಕ್ಲೇಮುಗಳಿಗೆಂದು ಇನ್ನಷ್ಟು ಹಣ ಎತ್ತಿಟ್ಟಿತು, ಲಾಭ ಕರಗಿತು, ಅಗ್ಗ ಎಂದುಕೊಂಡಿದ್ದ ಷೇರು ದುಬಾರಿಯಾಗಿ ಕೂತಿತು. ಅಂದಿನಿಂದ ನಾನು ಪಾಲಿಸುವ ಕ್ರಮ ಇದು: ಅಂದಾಜು ನಂಬುವಂಥದ್ದೇ ಎಂಬುದನ್ನು ಮೊದಲು ನೋಡುವುದು, ಷೇರಿನ ಬೆಲೆಯನ್ನು ಎಲ್ಲಕ್ಕಿಂತ ಕೊನೆಗೆ ನೋಡುವುದು.

ಕೈಗೆ ಸಿಗುವಂತಿರಲಿ ಎಂದು ಒಂದು ಕಾಲ್ಪನಿಕ ಸಾಮಾನ್ಯ ವಿಮಾ ಕಂಪನಿಯನ್ನು, ಅಂದರೆ ಜೀವ ವಿಮೆ ಬಿಟ್ಟು ವಾಹನ, ಬೆಂಕಿಯಂಥ ವಿಮೆ ಮಾರುವ ಕಂಪನಿಯನ್ನು, ಇಟ್ಟುಕೊಳ್ಳೋಣ. ವರ್ಷದ ಗಳಿಸಿದ ಪ್ರೀಮಿಯಂ, ಅಂದರೆ ಆ ವರ್ಷದ ರಕ್ಷಣೆಗೆ ಸಲ್ಲುವ ಪಾಲು, 1,000 ಕೋಟಿ. ಷೇರುದಾರರ ನಿವ್ವಳ ಮೌಲ್ಯ 600 ಕೋಟಿ. ಹೂಡಿಕೆಗಳು 2,000 ಕೋಟಿ. ಮಾರುಕಟ್ಟೆಯಲ್ಲಿ ಅಷ್ಟೂ ಷೇರುಗಳ ಒಟ್ಟು ಬೆಲೆ 900 ಕೋಟಿ.

ಮೊದಲು: ವಿಮೆಯಿಂದಲೇ ಲಾಭವಿದೆಯೇ?

ಕ್ಲೇಮುಗಳಿಗೆ 720 ಕೋಟಿ ಹೋಗಿದೆ ಎನ್ನಿ. ಪ್ರೀಮಿಯಂನಿಂದ ಭಾಗಿಸಿದರೆ ಕ್ಲೇಮು ಅನುಪಾತ ಶೇ 72. ಕಮಿಷನ್, ಸಂಬಳ, ಕಚೇರಿ ಖರ್ಚು ಸೇರಿ 310 ಕೋಟಿ. ವೆಚ್ಚದ ಅನುಪಾತ ಶೇ 31. ಎರಡನ್ನೂ ಕೂಡಿಸಿದರೆ ಕಂಬೈನ್ಡ್ ರೇಷಿಯೊ ಶೇ 103. ಪ್ರತಿ 100 ಪ್ರೀಮಿಯಂಗೆ 103 ಖರ್ಚು. ಅಂದರೆ ವಿಮೆ ಮಾರುವ ಕೆಲಸದಲ್ಲಿ 30 ಕೋಟಿ ನಷ್ಟ.

100ರ ಮೇಲಿದೆ ಎಂದ ಮಾತ್ರಕ್ಕೆ ಕಂಪನಿಯನ್ನು ಬದಿಗಿಡಬೇಕಿಲ್ಲ. ಕ್ಲೇಮು ಕೊಡುವವರೆಗೆ ಪ್ರೀಮಿಯಂ ಹಣ ಕಂಪನಿಯ ಬಳಿಯೇ ಇರುತ್ತದೆ. ಇದನ್ನು ಫ್ಲೋಟ್ ಎನ್ನುತ್ತಾರೆ. ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ 1967ರಲ್ಲಿ 86 ಲಕ್ಷ ಡಾಲರಿಗೆ ನ್ಯಾಷನಲ್ ಇಂಡೆಮ್ನಿಟಿಯನ್ನು ಕೊಂಡದ್ದು ಈ ಹಣದ ಬೆಲೆ ಅರಿತೇ. ನಮ್ಮ ಕಂಪನಿಯ ಹೂಡಿಕೆ 2,000 ಕೋಟಿಯಲ್ಲಿ 600 ಕೋಟಿ ಷೇರುದಾರರದು, ಉಳಿದ 1,400 ಕೋಟಿ ಪಾಲಿಸಿದಾರರ ಹಣ. ಅದಕ್ಕೆ ಕಂಪನಿ ತೆತ್ತ ‘ಬಡ್ಡಿ’ ವಿಮಾ ವ್ಯವಹಾರದಲ್ಲಾದ 30 ಕೋಟಿ ನಷ್ಟ, ಅಂದರೆ ಸುಮಾರು ಶೇ 2. ಆ ಹಣ ಶೇ 6.5 ದುಡಿಯುತ್ತಿದೆ. ಇಷ್ಟು ಅಗ್ಗದ ಸಾಲವನ್ನು ಯಾವ ಬ್ಯಾಂಕೂ ಕೊಡುವುದಿಲ್ಲ.

ಎರಡು ಕಂಪನಿಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಕೆಲವರು ವೆಚ್ಚವನ್ನು ಗಳಿಸಿದ ಪ್ರೀಮಿಯಂನಿಂದ ಭಾಗಿಸುತ್ತಾರೆ, ಕೆಲವರು ಆ ವರ್ಷ ಮಾರಿದ ಒಟ್ಟು ಪ್ರೀಮಿಯಂನಿಂದ. ವೇಗವಾಗಿ ಬೆಳೆಯುತ್ತಿರುವ ಕಂಪನಿಗೆ ಎರಡನೆಯ ಲೆಕ್ಕ ಚಂದ ಕಾಣಿಸುತ್ತದೆ. ಮರುವಿಮೆಗೆ (ವಿಮಾ ಕಂಪನಿ ತನ್ನ ಹೊಣೆಯ ಒಂದು ಪಾಲಿಗೆ ಬೇರೆ ಕಂಪನಿಯಿಂದ ಕೊಳ್ಳುವ ವಿಮೆಗೆ) ಮೊದಲಿನ ಅಂಕಿಯೋ ಅನಂತರದ ನಿವ್ವಳ ಅಂಕಿಯೋ ಎಂಬುದನ್ನೂ ಗಮನಿಸಿ. ಒಂದೇ ವರ್ಷದ ಅನುಪಾತಕ್ಕೆ ಮರುಳಾಗಬೇಡಿ. ಚಂಡಮಾರುತ ಬಾರದ ವರ್ಷ ಎಲ್ಲರೂ ಜಾಣರೇ. ಕನಿಷ್ಠ ಏಳೆಂಟು ವರ್ಷದ ಸರಾಸರಿ ತೆಗೆಯಿರಿ.

ಆಮೇಲೆ: ತ್ರಿಕೋನದ ಪುಟ

ವಾರ್ಷಿಕ ವರದಿಯಲ್ಲಿ ಯಾರೂ ಓದದ, ಆದರೆ ನನ್ನ ಮಟ್ಟಿಗೆ ಅತ್ಯಂತ ಬೆಲೆಬಾಳುವ ಪುಟ ಇದು. ಹೊಣೆಗಳ ಟಿಪ್ಪಣಿಗಳ ನಡುವೆ, ಮೆಟ್ಟಿಲಿನಂತೆ ಕತ್ತರಿಸಿದ ಒಂದು ಕೋಷ್ಟಕ ಇರುತ್ತದೆ. ಪ್ರತಿ ವರ್ಷ ನಡೆದ ಅಪಘಾತ, ಬೆಂಕಿ, ಕಳವುಗಳಿಗೆ ಒಟ್ಟು ಎಷ್ಟು ಕ್ಲೇಮು ಕೊಡಬೇಕಾದೀತು ಎಂದು ಕಂಪನಿ ಆ ವರ್ಷ ಏನು ಅಂದಾಜಿಸಿತ್ತು, ಒಂದು ವರ್ಷದ ಮೇಲೆ ಅದನ್ನು ಎಷ್ಟಕ್ಕೆ ತಿದ್ದಿತು, ಎರಡು ವರ್ಷದ ಮೇಲೆ ಎಷ್ಟಕ್ಕೆ ಎಂಬುದು ಅಲ್ಲಿ ಸಾಲಾಗಿ ಇರುತ್ತದೆ.

ಒಂದು ಸಾಲನ್ನು ಓದೋಣ. ಯಾವುದೋ ಒಂದು ವರ್ಷದ ಮೊದಲ ಅಂದಾಜು 500 ಕೋಟಿ. ಮರುವರ್ಷ 515. ಅದರಾಚೆ 540, 560, 575. ಐದು ಮನೆ ದಾಟುವಷ್ಟರಲ್ಲಿ ಅಂದಾಜು ಶೇ 15 ಏರಿದೆ. ಅಂದರೆ ಆ ವರ್ಷ ಘೋಷಿಸಿದ ಲಾಭದಲ್ಲಿ 75 ಕೋಟಿ ಇರಲೇ ಇಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದಿದ್ದರು, ಅಷ್ಟೇ. ಒಂದು ಸಾಲು ಹೀಗಿದ್ದರೆ ದುರದೃಷ್ಟ ಎನ್ನಬಹುದು. ಆರು ಸಾಲೂ ಬಲಕ್ಕೆ ಏರುತ್ತ ಹೋದರೆ ಅದು ಆಡಳಿತದ ಸ್ವಭಾವ. ಎಲ್ಲ ಸಾಲೂ ನಿಧಾನವಾಗಿ ಇಳಿಯುತ್ತಿದ್ದರೆ ಕಂಪನಿ ಮೊದಲೇ ಕೈ ಬಿಗಿಹಿಡಿದು ಹೆಚ್ಚು ಎತ್ತಿಟ್ಟಿದೆ ಎಂದರ್ಥ. ನಾನು ಹುಡುಕುವುದು ಅಂಥ ತ್ರಿಕೋನವನ್ನು.

ಇದರ ತೂಕ ಎಷ್ಟೆಂದು ನೋಡಿ. ನಮ್ಮ ಕಂಪನಿಯ ಕ್ಲೇಮು ಮೀಸಲು, ಅಂದರೆ ಇನ್ನೂ ಕೊಡಬೇಕಾದ ಕ್ಲೇಮುಗಳಿಗೆಂದು ಎತ್ತಿಟ್ಟ ಹಣ, 1,000 ಕೋಟಿ ಎನ್ನಿ. ಲಾಭದ ಲೆಕ್ಕ ಹೀಗಿದೆ: ಹೂಡಿಕೆಯ ಆದಾಯ 130 ಕೋಟಿ, ಅದರಲ್ಲಿ ವಿಮಾ ನಷ್ಟ 30 ಕಳೆದರೆ 100, ಶೇ 25 ತೆರಿಗೆ ಹೋದರೆ ನಿವ್ವಳ ಲಾಭ 75 ಕೋಟಿ. ಮೀಸಲಿನ ಅಂದಾಜು ಬರೀ ಶೇ 5 ಕಡಿಮೆ ಬಿದ್ದರೆ 50 ಕೋಟಿ ಬೇಕು. ತೆರಿಗೆ ಕಳೆದು 37.5 ಕೋಟಿ. ವರ್ಷದ ಲಾಭದಲ್ಲಿ ಸರಿಯಾಗಿ ಅರ್ಧ.

ಇನ್ನೊಂದು ಮೂಲೆಯನ್ನೂ ನೋಡಬೇಕು. ಈ ವರ್ಷದ 720 ಕೋಟಿ ಕ್ಲೇಮು ಬಂದದ್ದು ಹೇಗೆ? ಹಳೆಯ ವರ್ಷಗಳ ಮೀಸಲಿನಿಂದ 40 ಕೋಟಿಯನ್ನು ‘ಇನ್ನು ಬೇಕಾಗಲಿಕ್ಕಿಲ್ಲ’ ಎಂದು ಬಿಡಿಸಿಕೊಂಡ ಮೇಲೆ ಉಳಿದದ್ದು ಎಂದು ಟಿಪ್ಪಣಿ ಹೇಳಿದರೆ, ಈ ವರ್ಷದ ನಿಜವಾದ ಕ್ಲೇಮು 760. ಕಂಬೈನ್ಡ್ ರೇಷಿಯೊ 103 ಅಲ್ಲ, 107. ಫ್ಲೋಟಿನ ಬಡ್ಡಿ ಶೇ 2 ಅಲ್ಲ, ಶೇ 5. ತೆರಿಗೆಯ ನಂತರದ ಲಾಭ 75 ಅಲ್ಲ, 45 ಕೋಟಿ. ಮೀಸಲು ಬಿಡಿಸಿಕೊಳ್ಳುವುದು ತಪ್ಪಲ್ಲ. ಎಚ್ಚರದ ಕಂಪನಿಗಳು ಹತ್ತು ವರ್ಷವೂ ಅಷ್ಟಿಷ್ಟು ಬಿಡಿಸಿಕೊಳ್ಳುತ್ತಲೇ ಇರುತ್ತವೆ. ವ್ಯಾಪಾರ ಕೆಟ್ಟ ವರ್ಷವೇ ಗಂಟು ಬಿಚ್ಚಿದ್ದರೆ ಮಾತ್ರ ಅನುಮಾನಿಸಿ.

ಹೂಡಿಕೆ ಮತ್ತು ಬಂಡವಾಳ

ಹೂಡಿಕೆಯನ್ನು ನಿವ್ವಳ ಮೌಲ್ಯದಿಂದ ಭಾಗಿಸಿ: 2,000 ಭಾಗಿಸು 600, ಅಂದರೆ 3.3 ಪಟ್ಟು. ಹೂಡಿಕೆಯಲ್ಲಿ ಶೇ 1 ನಷ್ಟವಾದರೆ ಷೇರುದಾರರ ಗಂಟಿನಲ್ಲಿ ಶೇ 3.3 ಕರಗುತ್ತದೆ. ಬೇರೆ ಕಂಪನಿಗಳಿಗಿಂತ ಹೆಚ್ಚು ಇಳುವರಿ ತೋರಿಸುವ ವಿಮಾ ಕಂಪನಿ ಕಂಡರೆ ಸಂತೋಷಪಡುವ ಬದಲು ಬಾಂಡುಗಳ ರೇಟಿಂಗ್ ಪಟ್ಟಿಯನ್ನು ತೆರೆಯಿರಿ.

ಪ್ರೀಮಿಯಂ ಮತ್ತು ನಿವ್ವಳ ಮೌಲ್ಯದ ಅನುಪಾತ ನಮ್ಮಲ್ಲಿ 1.67. ಇದು 3ನ್ನು ದಾಟಿದರೆ ಅಮೆರಿಕದ ನಿಯಂತ್ರಕರ ಹುಬ್ಬು ಮೇಲೇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತಿನ ಅಂಕಿ ರೂಪ ಇದು. ಸಾಲ್ವೆನ್ಸಿ ಅನುಪಾತವನ್ನು (ನಿಯಮ ಕೇಳುವ ಬಂಡವಾಳಕ್ಕೆ ಹೋಲಿಸಿದರೆ ಕಂಪನಿಯ ಬಳಿ ಎಷ್ಟಿದೆ ಎಂಬ ಅಂಕಿಯನ್ನು) ಮಾತ್ರ ಗಡಿ ದಾಟಿಸಿ ಹೋಲಿಸಬೇಡಿ. ಯುರೋಪಿನಲ್ಲಿ 2016ರಿಂದ ಜಾರಿಯಲ್ಲಿರುವ ಸಾಲ್ವೆನ್ಸಿ 2 ನಿಯಮದಲ್ಲಿ 200 ವರ್ಷಕ್ಕೊಮ್ಮೆ ಬರಬಹುದಾದ ಆಘಾತಕ್ಕೆ ತಕ್ಕ ಬಂಡವಾಳವನ್ನು ಶೇ 100 ಎಂದು ಎಣಿಸುತ್ತಾರೆ. ಭಾರತದಲ್ಲಿ ಬೇರೆ ಸೂತ್ರ, ಕನಿಷ್ಠ ಶೇ 150. ಅಲ್ಲಿನ 180 ಬೇರೆ, ಇಲ್ಲಿನ 180 ಬೇರೆ.

ಯಾವ ಅನುಪಾತವೂ ತೋರಿಸದ ಹೊಣೆಗಳೂ ಇರುತ್ತವೆ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರ ಎಐಜಿ ಎಂಬ ದೈತ್ಯ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲದ ಆಸರೆ ಕೊಡಬೇಕಾದಾಗ, ಪೆಟ್ಟು ಬಂದದ್ದು ಮನೆ-ಕಾರುಗಳ ಪಾಲಿಸಿಗಳಿಂದಲ್ಲ. ಹಣಕಾಸು ಉತ್ಪನ್ನಗಳ ಘಟಕವೊಂದು ಬರೆದುಕೊಟ್ಟಿದ್ದ ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ಗಳಿಂದ (ಸಾಲ ಮುಳುಗಿದರೆ ತುಂಬಿಕೊಡುವ ಒಪ್ಪಂದಗಳಿಂದ) ಮತ್ತು ಷೇರು-ಬಾಂಡು ಎರವಲು ವ್ಯವಹಾರದಿಂದ. ಅಂಗಸಂಸ್ಥೆಗಳ ಪಟ್ಟಿಯಲ್ಲಿ ವಿಮೆಗೆ ಸಂಬಂಧವಿಲ್ಲದ ಹೆಸರು ಕಂಡರೆ ಅಲ್ಲಿ ನಿಲ್ಲಿ.

ಈಗ ಬೆಲೆ

ಮಾರುಕಟ್ಟೆ ಬೆಲೆ 900, ಲಾಭ 75, ಪಿಇ 12. ಮೇಲ್ನೋಟಕ್ಕೆ ಅಗ್ಗ. ಆದರೆ ಸಾಮಾನ್ಯ ವಿಮೆಗೆ ಪಿಇಗಿಂತ ಪುಸ್ತಕ ಮೌಲ್ಯದ (ಷೇರುದಾರರ ನಿವ್ವಳ ಮೌಲ್ಯದ ಇನ್ನೊಂದು ಹೆಸರು) ಅನುಪಾತ, ಅಂದರೆ ಪಿಬಿ, ಹೆಚ್ಚು ಒಗ್ಗುತ್ತದೆ. ಕಂಪನಿಯ ಆಸ್ತಿಯಲ್ಲಿ ಬಹುಪಾಲು ಬಾಂಡು, ಷೇರು, ಠೇವಣಿ. ಬೆಲೆ ಕಟ್ಟಲು ಬರುವಂಥವು. ನಮ್ಮ ಕಂಪನಿಯ ಪಿಬಿ 900 ಭಾಗಿಸು 600, ಅಂದರೆ 1.5.

1.5 ಹೆಚ್ಚೋ ಕಡಿಮೆಯೋ? ಬರಿಯ ಪಿಬಿ ಏನನ್ನೂ ಹೇಳದು. ಅದನ್ನು ಬಂಡವಾಳದ ಮೇಲಿನ ಗಳಿಕೆಯ, ಅಂದರೆ ಆರ್‌ಒಇಯ ಪಕ್ಕದಲ್ಲಿ ನಿಲ್ಲಿಸಬೇಕು. ಲೆಕ್ಕ ಸರಳ. ಆರ್‌ಒಇಯಿಂದ ದೀರ್ಘಾವಧಿ ಬೆಳವಣಿಗೆಯ ದರ ಕಳೆಯಿರಿ. ಇಷ್ಟು ಅಪಾಯಕ್ಕೆ ನೀವು ಬಯಸುವ ಪ್ರತಿಫಲದಿಂದಲೂ ಅದೇ ಬೆಳವಣಿಗೆ ದರ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದು ನ್ಯಾಯವಾದ ಪಿಬಿ.

ಬಯಸುವ ಪ್ರತಿಫಲ ಶೇ 11, ಬೆಳವಣಿಗೆ ಶೇ 5 ಎಂದುಕೊಳ್ಳೋಣ. ಕಂಪನಿ ಹೇಳುವ ಲಾಭ 75ರ ಪ್ರಕಾರ ಆರ್‌ಒಇ ಶೇ 12.5. ಆಗ 7.5 ಭಾಗಿಸು 6, ಅಂದರೆ 1.25. ಕಂಪನಿಯ ಮಾತನ್ನು ಪೂರ್ತಿ ನಂಬಿದರೂ ಬೆಲೆ 750 ಕೋಟಿ ದಾಟುವುದಿಲ್ಲ. ತ್ರಿಕೋನ ತೋರಿಸಿದ ಲಾಭ 45ನ್ನು ಹಿಡಿದರೆ ಆರ್‌ಒಇ ಶೇ 7.5, ನ್ಯಾಯವಾದ ಪಿಬಿ 0.42, ಬೆಲೆ 250 ಕೋಟಿ. ಬಿಡಿಸಿಕೊಂಡ ಮೀಸಲಿನಲ್ಲಿ ಅರ್ಧದಷ್ಟು ಪ್ರತಿ ವರ್ಷವೂ ಬರುವಂಥದ್ದು ಎಂದು ಉದಾರವಾಗಿ ಒಪ್ಪಿದರೆ ಲಾಭ 60, ಆರ್‌ಒಇ ಶೇ 10, ಬೆಲೆ 500 ಕೋಟಿ. ಪಿಇ 12ರ ‘ಅಗ್ಗದ’ ಷೇರು ಇದೇ. 900ಕ್ಕೆ ನಾನು ಮುಟ್ಟುವುದಿಲ್ಲ.

ಈ ಸೂತ್ರ ತುಂಬ ಸೂಕ್ಷ್ಮ ಎಂಬುದನ್ನು ಮರೆಯಬೇಡಿ. ಬಯಸುವ ಪ್ರತಿಫಲವನ್ನು 11ರಿಂದ 12ಕ್ಕೆ ಏರಿಸಿದರೆ 1.25 ಇದ್ದದ್ದು 1.07ಕ್ಕೆ ಇಳಿಯುತ್ತದೆ. ಒಂದೇ ಉತ್ತರಕ್ಕೆ ಅಂಟಿಕೊಳ್ಳದೆ ಮೂರು ನಾಲ್ಕು ಸಲ ಅಂಕಿ ಬದಲಿಸಿ ಒಂದು ವ್ಯಾಪ್ತಿಯನ್ನು ಗುರುತು ಹಾಕಿಕೊಳ್ಳಿ.

ಪುಸ್ತಕ ಮೌಲ್ಯವೂ ಕೆಲವೊಮ್ಮೆ ಆಟ ಆಡಿಸುತ್ತದೆ. 2022ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರವನ್ನು ಸೊನ್ನೆಯ ಸಮೀಪದಿಂದ ಶೇ 4.25–4.50ಕ್ಕೆ ಏರಿಸಿತು. ಕೈಯಲ್ಲಿದ್ದ ಹಳೆಯ ಬಾಂಡುಗಳ ಬೆಲೆ ಕುಸಿದು ವಿಮಾ ಕಂಪನಿಗಳ ಪುಸ್ತಕ ಮೌಲ್ಯ ಕುಗ್ಗಿತು. ಲಾಭ ಅಷ್ಟೇ ಇದ್ದು ಭಾಗಿಸುವ ಅಂಕಿ ಚಿಕ್ಕದಾದರೆ ಆರ್‌ಒಇ ತಾನಾಗಿಯೇ ಮೇಲೇರುತ್ತದೆ. ಕಂಪನಿ ಹೆಚ್ಚು ದುಡಿದದ್ದೇನಲ್ಲ. ಅಂಥ ವರ್ಷ ಬಾಂಡುಗಳ ಮಾರುಕಟ್ಟೆ ಏರಿಳಿತವನ್ನು ಹೊರಗಿಟ್ಟು ಪುಸ್ತಕ ಮೌಲ್ಯವನ್ನು ಮತ್ತೆ ಲೆಕ್ಕ ಹಾಕಿ.

ಜೀವ ವಿಮೆಗೆ ಬೇರೆ ತಕ್ಕಡಿ

ಮೇಲಿನದೆಲ್ಲ ವಾಹನ, ಬೆಂಕಿ, ಆರೋಗ್ಯ ವಿಮೆಯ ಮಾತು. ಇಪ್ಪತ್ತು ಮೂವತ್ತು ವರ್ಷದ ಜೀವ ವಿಮಾ ಪಾಲಿಸಿಗೆ ಕಂಬೈನ್ಡ್ ರೇಷಿಯೊ ಅರ್ಥಹೀನ. ಹೊಸ ಪಾಲಿಸಿ ಮಾರಿದ ವರ್ಷ ಕಮಿಷನ್ ಭಾರದಿಂದ ನಷ್ಟ ಕಾಣುತ್ತದೆ, ಲಾಭ ಮುಂದಿನ ವರ್ಷಗಳಲ್ಲಿ ಹನಿಹನಿಯಾಗಿ ಬರುತ್ತದೆ. ಆದ್ದರಿಂದ ಇಲ್ಲಿ ಎಂಬೆಡೆಡ್ ವ್ಯಾಲ್ಯೂ ಬಳಸುತ್ತಾರೆ: ಇಂದಿನ ನಿವ್ವಳ ಮೌಲ್ಯಕ್ಕೆ, ಈಗಾಗಲೇ ಮಾರಿದ ಪಾಲಿಸಿಗಳಿಂದ ಮುಂದೆ ಬರುವ ಲಾಭದ ಇಂದಿನ ಬೆಲೆಯನ್ನು ಕೂಡಿಸಿದ್ದು. ಷೇರುಗಳ ಒಟ್ಟು ಬೆಲೆಯನ್ನು ಇದರಿಂದ ಭಾಗಿಸಿ. 1ಕ್ಕಿಂತ ಮೇಲೆ ಕೊಡುವ ಪ್ರತಿ ಪೈಸೆಯೂ ಕಂಪನಿ ಇನ್ನು ಮುಂದೆ ಮಾರಲಿರುವ ಪಾಲಿಸಿಗಳಿಗೆ ಕೊಡುವ ಮುಂಗಡ. ಆ ಮುಂಗಡ ತಕ್ಕದ್ದೇ ಎಂದು ತಿಳಿಯಲು ಹೊಸ ವ್ಯವಹಾರದ ಮಾರ್ಜಿನ್ ನೋಡಿ: ಹೊಸ ಪಾಲಿಸಿಗಳಿಂದ ಮುಂದೆ ಬರುವ ಲಾಭದ ಇಂದಿನ ಬೆಲೆಯನ್ನು ಹೊಸ ಪ್ರೀಮಿಯಂನಿಂದ ಭಾಗಿಸಿದ್ದು. ಇದರಲ್ಲಿ ಒಂದೇ ಕಂತಿನ ಪ್ರೀಮಿಯಂನ ಹತ್ತನೇ ಒಂದು ಪಾಲನ್ನಷ್ಟೇ ಎಣಿಸುವುದು ವಾಡಿಕೆ.

ಇದರ ಪಕ್ಕದಲ್ಲಿ ಪಾಲಿಸಿ ಮುಂದುವರಿಕೆಯ ದರವಿರುತ್ತದೆ. 13ನೇ ತಿಂಗಳು ಮತ್ತು 61ನೇ ತಿಂಗಳಿನಲ್ಲಿ ಎಷ್ಟು ಪಾಲು ಪಾಲಿಸಿಗಳು ಇನ್ನೂ ಜೀವಂತವಾಗಿವೆ ಎಂಬ ಅಂಕಿ. ಮೊದಲನೆಯದು ಬಿದ್ದರೆ ಏಜೆಂಟರು ಗ್ರಾಹಕರಿಗೆ ಬೇಡದ್ದನ್ನು ಮಾರಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ.

ಎಂಬೆಡೆಡ್ ವ್ಯಾಲ್ಯೂ ಸಹ ಅಂದಾಜೇ, ಅದೂ ದಶಕಗಳ ಉದ್ದದ್ದು. 1762ರಲ್ಲಿ ಹುಟ್ಟಿದ ಬ್ರಿಟನ್ನಿನ ಇಕ್ವಿಟಬಲ್ ಲೈಫ್ 2000ದ ಡಿಸೆಂಬರಿನಲ್ಲಿ ಹೊಸ ಪಾಲಿಸಿ ಮಾರುವುದನ್ನು ನಿಲ್ಲಿಸಬೇಕಾಯಿತು. ಬಡ್ಡಿ ಹೆಚ್ಚಿದ್ದ ಕಾಲದಲ್ಲಿ ಇಂತಿಷ್ಟು ಪಿಂಚಣಿ ಖಾತರಿ ಎಂದು ಬರೆದುಕೊಟ್ಟಿತ್ತು. ಬಡ್ಡಿ ಇಳಿದು, ಜನರ ಆಯಸ್ಸು ಏರಿ, ಆ ಖಾತರಿಯೇ ಕೊರಳಿಗೆ ಉರುಳಾಯಿತು. ಅದು ಸದಸ್ಯರದೇ ಸಂಸ್ಥೆ, ಷೇರು ಮಾರುಕಟ್ಟೆಯದ್ದಲ್ಲ. ಆದರೂ ಖಾತರಿಯ ಲೆಕ್ಕ ಎಲ್ಲರಿಗೂ ಒಂದೇ. ಆದ್ದರಿಂದ ವರದಿಯ ಕೊನೆಯಲ್ಲಿರುವ ಸಂವೇದನಾ ಕೋಷ್ಟಕವನ್ನು ಬಿಡಬೇಡಿ. ಬಡ್ಡಿದರ ಶೇಕಡಾ ಒಂದು ಅಂಶ ಇಳಿದರೆ ಎಂಬೆಡೆಡ್ ವ್ಯಾಲ್ಯೂ ಐದನೇ ಒಂದು ಪಾಲು ಕುಗ್ಗುತ್ತದೆ ಎಂದು ಅಲ್ಲಿ ಬರೆದಿದ್ದರೆ, ನೀವು 1.2 ಪಟ್ಟು ಕೊಟ್ಟು ಕೊಂಡೆ ಎಂದುಕೊಂಡ ಷೇರಿಗೆ ಆ ದಿನ 1.5 ಪಟ್ಟು ಕೊಟ್ಟಂತಾಗಿರುತ್ತದೆ.