ಒತ್ತಕ್ಷರಕ್ಕೆ ಜಾಗ ಬಿಟ್ಟಾಗ

ನಮ್ಮ ಊರಿನ ಪುಟ್ಟ ವಾಚನಾಲಯಕ್ಕೆ ಪುಸ್ತಕಪಟ್ಟಿಯನ್ನು ನಾನು ಜಾಂಗೋದಲ್ಲಿ, ಅಂದರೆ ಜಾಲತಾಣ ಕಟ್ಟುವ ಒಂದು ತಂತ್ರಾಂಶ ಚೌಕಟ್ಟಿನಲ್ಲಿ, ಮಾಡಿಕೊಟ್ಟೆ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದದ್ದು ಅದು. ಪುಸ್ತಕ, ಲೇಖಕ, ಎರವಲು ಎಂಬ ಮೂರು ದತ್ತಾಂಶ ನಮೂನೆಗಳನ್ನು, ಅಂದರೆ ಮಾಡೆಲ್‌ಗಳನ್ನು ಬರೆದು ನೋಂದಾಯಿಸಿದರೆ ಸಾಕು, ಪಟ್ಟಿ, ತಿದ್ದುವ ಫಾರಂ ಎಲ್ಲವನ್ನೂ ಅದರ ಅಡ್ಮಿನ್ ಎಂಬ ನಿರ್ವಹಣಾ ಭಾಗ ತಾನೇ ಕಟ್ಟಿಕೊಡುತ್ತದೆ; ಯಾವುದರಲ್ಲಿ ಹುಡುಕಬೇಕೆಂದು ಹೇಳಿದರೆ ಹುಡುಕಾಟವನ್ನೂ ಕೊಡುತ್ತದೆ. ಇಷ್ಟು ಕೆಲಸ ಉಳಿಸುವ ಸಾಧನ ನನಗೆ ಬೇರೆ ಸಿಕ್ಕಿಲ್ಲ.

ಮೊದಲ ವಾರವೇ ಗ್ರಂಥಪಾಲಕಿ ಪರದೆಯ ಮೇಲೆ ಬೆರಳಿಟ್ಟು, “ಸರ್, ಇದು ಶಾಸ್ತ್ರವೋ ಶಾಸ್ತವೋ? ನನಗೆ ತಿಳಿಯುತ್ತಿಲ್ಲ” ಎಂದರು. ಬಗ್ಗಿ ನೋಡಿದೆ. ಉದ್ದದ ಹೆಸರು ಎರಡು ಸಾಲಿಗೆ ಮುರಿದು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತಿತ್ತು. ಕಾರಣ ಸರಳ. ಅಡ್ಮಿನ್ ಪಟ್ಟಿಯಲ್ಲಿ ಅಕ್ಷರ 13 ಪಿಕ್ಸೆಲ್, ಸಾಲಿನ ಎತ್ತರ 16. ಇಂಗ್ಲಿಷಿಗೆ ಅದು ಸಾಕು. ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವ ನಮ್ಮ ಲಿಪಿಗೆ ಸಾಲದು.

ಅವಸರದಲ್ಲಿ ಜಾಂಗೋ ಅನುಸ್ಥಾಪನೆಯೊಳಗಿನ, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕಡತವನ್ನೇ ತಿದ್ದಿಬಿಟ್ಟೆ. ಮುಂದಿನ ಸಲ ಜಾಂಗೋವನ್ನು ನವೀಕರಿಸಿದಾಗ ತಿದ್ದಿದ್ದೆಲ್ಲ ಅಳಿಸಿಹೋಯಿತು. ಹೀಗೆ ಯಾರೂ ಮಾಡಬೇಡಿ. ನಮ್ಮದೇ ಟೆಂಪ್ಲೇಟ್ (ಪುಟದ ಅಚ್ಚು) ಕೋಶದಲ್ಲಿ ‘ಅಡ್ಮಿನ್’ ಎಂಬ ಉಪಕೋಶ ಮಾಡಿ, ‘ಬೇಸ್ ಸೈಟ್’ ಟೆಂಪ್ಲೇಟನ್ನು ಅಲ್ಲಿ ಬರೆದುಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ಕೋಶವನ್ನು ತೋರಿಸಿದರೆ ಜಾಂಗೋ ಮೊದಲು ಅದನ್ನೇ ಹುಡುಕುತ್ತದೆ. ಅದರೊಳಗಿನ ‘ಎಕ್ಸ್‌ಟ್ರಾ ಸ್ಟೈಲ್’ ಬ್ಲಾಕ್‌ನಲ್ಲಿ ನಮ್ಮ ಸಿಎಸ್‌ಎಸ್ ಸೇರಿಸಿದರೆ ಮುಗಿಯಿತು, ಮೂಲ ಕಡತವನ್ನು ಮುಟ್ಟುವ ಪ್ರಮೇಯವೇ ಇಲ್ಲ.

ನಾನು ಬರೆದದ್ದು ಇಪ್ಪತ್ತು ಸಾಲು ಅಷ್ಟೆ. ನೋಟೋ ಸಾನ್ಸ್ ಕನ್ನಡ ಫಾಂಟ್, ಪಟ್ಟಿಯ ಅಕ್ಷರಕ್ಕೆ 16 ಪಿಕ್ಸೆಲ್, ಸಾಲಿನ ಎತ್ತರ ಅದರ 1.7ರಷ್ಟು. ಬಣ್ಣ ಇನ್ನೂ ಸುಲಭ, ಏಕೆಂದರೆ 3.2ನೇ ಆವೃತ್ತಿಯಿಂದ ಅಡ್ಮಿನ್ ಬಣ್ಣಗಳೆಲ್ಲ ಸಿಎಸ್‌ಎಸ್ ಚರಗಳಲ್ಲಿವೆ, ಅಂದರೆ ಒಂದು ಕಡೆ ಬದಲಿಸಿದರೆ ಎಲ್ಲೆಡೆ ಬದಲಾಗುತ್ತವೆ. ತಲೆಪಟ್ಟಿಗೂ ಕೊಂಡಿಗಳಿಗೂ ವಾಚನಾಲಯದ ಬಾಗಿಲಿನ ಕಡುಹಸಿರನ್ನೇ ಕೊಟ್ಟೆ. ಆದರೆ ಕಪ್ಪು ಹಿನ್ನೆಲೆಯ ಕತ್ತಲೆ ವಿನ್ಯಾಸಕ್ಕೆ ಬೇರೆಯೇ ಬಣ್ಣಗಳಿರುತ್ತವೆ, ಅವನ್ನೂ ಹೊಂದಿಸಬೇಕು. ನಾನು ಅದನ್ನು ಮರೆತಿದ್ದರಿಂದ ಗ್ರಂಥಪಾಲಕಿಯ ಮೊಬೈಲಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕಡುಹಸಿರು ಕೊಂಡಿಗಳು ಎರಡು ದಿನ ಕಾಣಿಸಲೇ ಇಲ್ಲ.

ಇಡೀ ರೂಪವನ್ನೇ ಬದಲಿಸುವ ಜಾಝ್‌ಮಿನ್, ಗ್ರಾಪೆಲ್ಲಿಯಂಥ ಮುಕ್ತ ಥೀಮ್‌ಗಳೂ ಇವೆ, ಚೆನ್ನಾಗಿಯೂ ಇವೆ. ನನಗೆ ಬೇಕಾಗಿದ್ದದ್ದು ಅಂದವಲ್ಲ, ಓದು. ಅದಕ್ಕೆ ಇನ್ನೊಂದು ಹೊರಗಿನ ತಂತ್ರಾಂಶದ ಅವಲಂಬನೆಯನ್ನು ತಲೆಗೆ ಕಟ್ಟಿಕೊಳ್ಳುವುದು ಬೇಡವೆನಿಸಿತು.

ಪುಟ ಸರಿಹೋದ ದಿನ ಗ್ರಂಥಪಾಲಕಿ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದರು. ‘ಶಾಸ್ತ್ರ’ ಎಂದಿರಬೇಕಾದ ಹನ್ನೊಂದು ಕಡೆ ರಕಾರದ ಒತ್ತೇ ಇರಲಿಲ್ಲ. ಸಾಲುಗಳು ಒಂದರ ಮೇಲೊಂದು ಬಿದ್ದಿದ್ದಾಗ ಆ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಂಜೆ ಬಾಗಿಲು ಹಾಕುವ ಮುನ್ನ ಹನ್ನೊಂದನ್ನೂ ಅವರೇ ತಿದ್ದಿದರು.