ಮನೆ ಬದಲಾಯಿಸ್ಬೇಕಾ, ಇಲ್ಲೇ ಇರ್ಬೇಕಾ: ರೇಟ್ ಅಲುಗಾಡೋ ಹೊತ್ತಲ್ಲಿ ನಿರ್ಧಾರ ಮಾಡೋದು ಹೇಗೆ

ಬೆಂಗಳೂರಲ್ಲಿ ಸ್ವಂತ ಫ್ಲ್ಯಾಟ್ ಇರೋರು ಇನ್ನೂ ಸ್ವಲ್ಪ ದೊಡ್ಡ ಮನೆಗೆ ಹೋಗೋಣ ಅಂತ ಯೋಚನೆ ಶುರು ಮಾಡಿದ ದಿನದಿಂದ ಸಿಕ್ಕಸಿಕ್ಕೋರನ್ನೆಲ್ಲ ಕೇಳೋ ಪ್ರಶ್ನೆ ಒಂದೇ: ರೇಟ್ ಇಳಿಯುತ್ತಾ, ಇನ್ನೂ ಏರುತ್ತಾ? ಒಂದು ಕಡೆ ಐಟಿ ಕಂಪನಿಗಳಲ್ಲಿ ಕೆಲಸ ಹೋಗ್ತಿರೋ ಸುದ್ದಿ, ಇನ್ನೊಂದು ಕಡೆ ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ) 2025ರ ಫೆಬ್ರವರಿಯಿಂದ ಡಿಸೆಂಬರ್ ಒಳಗೆ 6.5%ರಿಂದ 5.25%ಕ್ಕೆ ಇಳಿದಿದ್ದು, ಎರಡನ್ನೂ ಇಟ್ಕೊಂಡು ಯಾರೂ ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ನಾನು ಕಂಡ ಹಾಗೆ ನೆಂಟರಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ದುಡ್ಡು ಕಳ್ಕೊಂಡೋರು ಯಾರೂ ರೇಟ್ ಊಹೆ ತಪ್ಪಿ ಕಳ್ಕೊಂಡಿಲ್ಲ. ಹಳೇ ಮನೆ ಮಾರೋದಕ್ಕೂ ಹೊಸ ಮನೆ ಕೊಳ್ಳೋದಕ್ಕೂ ನಡುವೆ ಇರೋ ಮೂರ್ನಾಲ್ಕು ತಿಂಗಳಲ್ಲಿ ಕಳ್ಕೊಂಡಿದ್ದಾರೆ. ಅದಕ್ಕೇ ಈ ಲೇಖನ, ಅದರಲ್ಲೂ ನಾಲ್ಕನೇ ಹೆಜ್ಜೆ ದಯವಿಟ್ಟು ಎರಡು ಸಲ ಓದಿ.

ಹೆಜ್ಜೆ 1: ಕಾರಣ ಬರೀರಿ

ಒಂದು ಹಾಳೆಯಲ್ಲಿ ಯಾಕೆ ಹೋಗ್ಬೇಕು ಅಂತ ಮನೇಲಿರೋರೆಲ್ಲ ಬರೀರಿ. ಅಪ್ಪ ಅಮ್ಮಂಗೆ ಲಿಫ್ಟ್ ಇಲ್ಲದ ಮೂರನೇ ಮಹಡಿ ಹತ್ತೋಕಾಗ್ತಿಲ್ಲ, ಮಕ್ಕಳಿಬ್ಬರಿಗೆ ಒಂದೇ ರೂಮು, ಆಫೀಸಿಗೆ ಹೋಗಿ ಬರೋಕೆ ದಿನಕ್ಕೆ ಮೂರು ಗಂಟೆ, ಇಂಥವು ನಿಜವಾದ ಕಾರಣ, ಇವು ಮಾರ್ಕೆಟ್‌ಗೋಸ್ಕರ ಕಾಯಲ್ಲ. "ಈಗ ತಗೊಂಡ್ರೆ ಐದು ವರ್ಷಕ್ಕೆ ಡಬಲ್ ಆಗುತ್ತೆ" ಅನ್ನೋದೊಂದೇ ಕಾರಣ ಆಗಿದ್ರೆ ಈಗಿರೋ ಮನೇಲೇ ಇರಿ. ಹೊಸ ಮನೇಲಿ ಕನಿಷ್ಠ ಏಳು ವರ್ಷ ಇರ್ತೀವಿ ಅನ್ನೋ ಖಾತ್ರಿ ಇಲ್ದೇ ಇದ್ರೂ ಕೊಳ್ಳೋ ಮಾತು ಬೇಡ, ಯಾಕೆ ಅಂತ ಮುಂದಿನ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ.

ಹೆಜ್ಜೆ 2: ಎರಡು ಮನೆಗಳ ನಡುವಿನ ವ್ಯತ್ಯಾಸದ ಲೆಕ್ಕ ಹಾಕಿ

ಒಂದೇ ಊರಲ್ಲಿ ಒಂದು ಮನೆ ಮಾರಿ ಇನ್ನೊಂದು ಕೊಳ್ಳೋರಿಗೆ ರೇಟಿಗಿಂತ ವ್ಯತ್ಯಾಸದ ಹಣ ಮುಖ್ಯ. ನಿಮ್ಮ ಫ್ಲ್ಯಾಟ್ 80 ಲಕ್ಷಕ್ಕೆ ಹೋಗುತ್ತೆ, ನೋಡಿರೋ ಮನೆ 1.30 ಕೋಟಿ ಅಂತಿಟ್ಕೊಳ್ಳಿ, ವ್ಯತ್ಯಾಸ 50 ಲಕ್ಷ. ಎಲ್ಲಾ ಕಡೆ ರೇಟ್ ನೂರಕ್ಕೆ ಹತ್ತು ಬಿದ್ರೆ ನಿಮ್ಮದು 72 ಆಗುತ್ತೆ, ಅದು 1.17 ಆಗುತ್ತೆ, ವ್ಯತ್ಯಾಸ 45 ಲಕ್ಷಕ್ಕೆ ಇಳಿಯುತ್ತೆ. ಅಂದ್ರೆ ದೊಡ್ಡ ಮನೆಗೆ ಹೋಗೋರಿಗೆ ರೇಟ್ ಇಳಿದ್ರೆ ಲಾಭವೇ, "ನನ್ನ ಫ್ಲ್ಯಾಟಿಗೆ ಎಂಟು ಲಕ್ಷ ಕಮ್ಮಿ ಆಯ್ತು" ಅಂತ ಕೊರಗೋರು ಆ ಕಡೆ ಹದಿಮೂರು ಲಕ್ಷ ಉಳಿದಿದ್ದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಮಕ್ಕಳು ಹೊರದೇಶಕ್ಕೆ ಹೋಗಿ ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಬರೋ ಹಿರಿಯರಿಗೆ ಮಾತ್ರ ಇದು ಉಲ್ಟಾ, ಅವರು ರೇಟ್ ಮೇಲಿರೋವಾಗ್ಲೇ ಮಾರ್ಬೇಕು.

ಈಗ ಆ 5 ಲಕ್ಷದ ಪಕ್ಕದಲ್ಲಿ ಖರ್ಚು ಇಟ್ಟು ನೋಡಿ. 45 ಲಕ್ಷಕ್ಕಿಂತ ಮೇಲಿನ ಮನೆಗೆ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು ಸರ್‌ಚಾರ್ಜು, ಜೊತೆಗೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1 ಇದ್ದಿದ್ದು 2% ಆಗಿದೆ, ಎಲ್ಲಾ ಸೇರಿ ಸುಮಾರು 7.6%. 1.30 ಕೋಟಿಗೆ ಇದೇ 9 ಲಕ್ಷದ 88 ಸಾವಿರ. ಎರಡೂ ಕಡೆ ಬ್ರೋಕರ್‌ಗೆ ಒಂದೊಂದು ಪರ್ಸೆಂಟ್ ಅಂದ್ರೆ 2 ಲಕ್ಷದ 10 ಸಾವಿರ. ವಾರ್ಡ್‌ರೋಬು, ಕಿಚನ್ನು, ಗ್ರಿಲ್ಲು ಅಂತ ಎಂಟು ಲಕ್ಷ ಆರಾಮಾಗಿ ಹೋಗುತ್ತೆ. ಹತ್ತಿರ ಹತ್ತಿರ 20 ಲಕ್ಷ. ಕೊಳ್ಳೋದು ಇನ್ನೂ ಕಟ್ಟಡ ಮುಗೀದಿರೋ ಫ್ಲ್ಯಾಟ್ ಆಗಿದ್ರೆ ಈ ರೇಂಜಲ್ಲಿ 5% ಜಿಎಸ್‌ಟಿ ಬೇರೆ, ಓಸಿ (ಕಟ್ಟಡದಲ್ಲಿ ವಾಸ ಮಾಡೋಕೆ ಕೊಡೋ ಅನುಮತಿ ಪತ್ರ) ಬಂದ ಮೇಲೆ ಕೊಂಡ್ರೆ ಅದಿಲ್ಲ. ರೇಟ್ ಹತ್ತು ಪರ್ಸೆಂಟ್ ಆ ಕಡೆ ಈ ಕಡೆ ಆದ್ರೆ ಬದಲಾಗೋದು 5 ಲಕ್ಷ, ಮನೆ ಬದಲಾಯಿಸಿದ್ದಕ್ಕೇ ಹೋಗೋದು 20 ಲಕ್ಷ, ಅದನ್ನ ನಾಲ್ಕೇ ವರ್ಷಕ್ಕೆ ಮತ್ತೆ ಇನ್ನೊಂದ್ಸಲ ಯಾರು ಕೊಡ್ತಾರೆ? ಏಳು ವರ್ಷ ಅಂದಿದ್ದು ಅದಕ್ಕೇ.

ಇನ್ನೊಂದು ಮುಖ್ಯ ವಿಷಯ, ಸ್ಟ್ಯಾಂಪ್ ಡ್ಯೂಟಿ ನೋಂದಣಿ ಖರ್ಚನ್ನ ಬ್ಯಾಂಕು ಮನೆ ಬೆಲೇಲಿ ಸೇರಿಸ್ಕೊಂಡು ಸಾಲ ಕೊಡಲ್ಲ, ಅದು ನಿಮ್ಮ ಕೈಯಿಂದಲೇ ಹೋಗ್ಬೇಕು. ಆದ್ದರಿಂದ 50 ಲಕ್ಷ ಸಾಲ, 20 ಲಕ್ಷ ಸ್ವಂತದ್ದು ಅಂತ ಬರ್ಕೊಳ್ಳಿ.

ಹೆಜ್ಜೆ 3: ಇಎಂಐ ತಡ್ಕೋತೀರಾ ನೋಡಿ

50 ಲಕ್ಷಕ್ಕೆ 20 ವರ್ಷ, 8.5% ಅಂದ್ರೆ ತಿಂಗಳಿಗೆ ಸುಮಾರು 43,400. ಬಡ್ಡಿ 9.5 ಆದ್ರೆ 46,600. ಇಬ್ಬರಲ್ಲಿ ಒಬ್ಬರ ಸಂಬಳ ನಿಂತ್ರೂ ಒಂದು ವರ್ಷ ಕಟ್ಟೋಷ್ಟು ದುಡ್ಡು ಎಫ್‌ಡಿಯಲ್ಲಿ ಇರ್ಲೇಬೇಕು. ಆರು ತಿಂಗಳು ಸಾಕು ಅನ್ನೋರಿದ್ದಾರೆ, ಈಗಿನ ಕೆಲಸದ ಪರಿಸ್ಥಿತೀಲಿ ಸಾಕಾಗಲ್ಲ. ಸಾಲದ ಜೊತೆ ಬ್ಯಾಂಕಿನವರು ಒಂದೇ ಕಂತಿನ ದೊಡ್ಡ ಇನ್ಶೂರೆನ್ಸ್ ಹಚ್ಚೋಕೆ ನೋಡ್ತಾರೆ, ಅದರ ಪ್ರೀಮಿಯಮ್ಮನ್ನೂ ಸಾಲಕ್ಕೇ ಸೇರಿಸಿ 20 ವರ್ಷ ಬಡ್ಡಿ ಕಟ್ಟಿಸ್ತಾರೆ, ಬೇಡ ಅನ್ನಿ, ಬೇರೆಯಾಗಿ ಒಂದು ಟರ್ಮ್ ಪಾಲಿಸಿ ಮಾಡಿಸಿ.

ಹೆಜ್ಜೆ 4: ಮೊದಲು ಮಾರೋದು, ಆಮೇಲೆ ಕೊಳ್ಳೋದು

ಎಡವೋದು ಇಲ್ಲೇ. ಸಾಮಾನ್ಯವಾಗಿ ಆಗೋದು ಹೀಗೆ: ಭಾನುವಾರ ಒಂದು ಮನೆ ನೋಡ್ತಾರೆ, ಎಲ್ಲರಿಗೂ ಇಷ್ಟ ಆಗುತ್ತೆ, ಇನ್ನೊಬ್ಬರು ಟೋಕನ್ ಕೊಡೋಕೆ ರೆಡಿ ಇದ್ದಾರೆ ಅಂತ ಬ್ರೋಕರ್ ಹೇಳ್ತಾನೆ, ಹತ್ತು ಪರ್ಸೆಂಟ್ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಅಗ್ರಿಮೆಂಟ್ ಮಾಡ್ಕೊಂಡುಬಿಡ್ತಾರೆ, ನಮ್ಮ ಫ್ಲ್ಯಾಟ್ ಏನು ಹಾಟ್ ಕೇಕು, ಒಂದು ತಿಂಗಳಲ್ಲಿ ಹೋಗುತ್ತೆ ಅಂದ್ಕೊಂಡು. ಮಾರ್ಕೆಟ್ ತಣ್ಣಗಾದಾಗ ಮೊದಲು ಕಡಿಮೆ ಆಗೋದು ರೇಟಲ್ಲ, ಮನೆ ನೋಡೋಕೆ ಬರೋರು. ಎರಡು ತಿಂಗಳು ಫೋನೇ ಬರಲ್ಲ, ಮೂರನೇ ತಿಂಗಳು 13 ಲಕ್ಷದ ಅಡ್ವಾನ್ಸ್ ಮುಳುಗುತ್ತೆ ಅನ್ನೋ ಭಯಕ್ಕೆ ಹಳೇ ಮನೇನ ಬಂದಷ್ಟಕ್ಕೆ ಕೊಟ್ಟುಬಿಡ್ತಾರೆ. ನಮ್ಮ ಬಳಗದಲ್ಲೇ ಒಂದು ಕುಟುಂಬ ಹೀಗೆ ಕೊನೇ ವಾರದಲ್ಲಿ ಮಾರಿ, ಹತ್ತು ವರ್ಷದ ಉಳಿತಾಯ ಅಲ್ಲೇ ಕರಗಿಸಿತು. ಮನೆ ಒಳ್ಳೇದೇ ಇತ್ತು, ಕೊಂಡ ರೇಟೂ ಸರಿಯಾಗೇ ಇತ್ತು, ಕ್ರಮ ಮಾತ್ರ ಹಿಂದುಮುಂದಾಗಿತ್ತು.

ಹಾಗಾಗಿ ಈ ಕ್ರಮದಲ್ಲಿ ಮಾಡಿ.

ಮೊದಲು ನಿಮ್ಮದೇ ಕಾಗದಪತ್ರ ತೆಗೀರಿ, ಕೊಳ್ಳೋನ ಬ್ಯಾಂಕಿನ ಲಾಯರ್ ಕೂತು ನೋಡೋ ಹಾಗೆ ನೋಡಿ. 2024ರ ಅಕ್ಟೋಬರ್‌ನಿಂದ ಬೆಂಗಳೂರು ಪಾಲಿಕೆ ವ್ಯಾಪ್ತೀಲಿ ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ, ಇದಕ್ಕೆ ಕ್ರಯಪತ್ರದ ನಂಬರು, ಇಸಿ (ಆ ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಆಸ್ತಿ ತೆರಿಗೆ ನಂಬರು, ಕರೆಂಟ್ ಬಿಲ್ಲು, ಆಧಾರ್ ಎಲ್ಲಾ ಬೇಕು, ಕ್ರಯಪತ್ರದಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಒಂಥರ, ಆಧಾರಲ್ಲಿ ಇನ್ನೊಂಥರ ಇದ್ರೆ ಅದಕ್ಕೇ ವಾರಗಟ್ಟಲೆ ಅಲೀಬೇಕಾಗುತ್ತೆ. ಮನೆ ಮಾರೋ ಯೋಚನೆ ಇದೆಯೋ ಇಲ್ವೋ, ಇ-ಖಾತೆ ಈಗ್ಲೇ ಮಾಡಿಸಿಡಿ. ನಿಮ್ಮದು ಬಿ ಖಾತೆ (ನಿಯಮ ಪೂರ್ತಿ ಪಾಲಿಸದ ಆಸ್ತಿಗೆ ಇರೋ ಖಾತೆ) ಆಗಿದ್ರೆ ಅಥವಾ ಕಟ್ಟಡಕ್ಕೆ ಓಸಿ ಇಲ್ದೇ ಇದ್ರೆ ಸಾಕಷ್ಟು ಬ್ಯಾಂಕುಗಳು ಸಾಲ ಕೊಡೋಕೆ ಹಿಂದೇಟು ಹಾಕ್ತವೆ, ಕೊಳ್ಳೋರ ಸಂಖ್ಯೆ ಕಮ್ಮಿ ಆಗುತ್ತೆ, ಇದನ್ನ ರೇಟಲ್ಲಿ ಮೊದಲೇ ಕಳೀರಿ. ಹಳೇ ಸಾಲ ಬಾಕಿ ಇದ್ರೆ ಬ್ಯಾಂಕಿಂದ ತಮ್ಮ ಹತ್ರ ಯಾವ್ಯಾವ ದಾಖಲೆ ಇದೆ ಅನ್ನೋ ಪಟ್ಟಿ ತಗೊಳ್ಳಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ದಾಖಲೆ ವಾಪಸ್ ಕೊಡ್ಬೇಕು, ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ, ಇದು 2023ರ ಡಿಸೆಂಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮ, ಗೊತ್ತಿರ್ಲಿ.

ಆಮೇಲೆ ನಿಜವಾದ ರೇಟ್ ಕಂಡ್ಕೊಳ್ಳಿ. ವೆಬ್‌ಸೈಟುಗಳಲ್ಲಿ ಕಾಣೋದು ಮಾರೋರು ಕೇಳ್ತಿರೋ ರೇಟು, ವ್ಯವಹಾರ ಮುಗಿದ ರೇಟಲ್ಲ. ಅಲ್ಲಿ "ನಿಮ್ಮ ಮನೆ ಬೆಲೆ ಇಷ್ಟು" ಅಂತ ತಾನೇ ಲೆಕ್ಕ ಹಾಕಿ ತೋರಿಸುತ್ತಲ್ಲ, ಅದನ್ನ ನಂಬಿ ಯಾವ ನಿರ್ಧಾರಾನೂ ತಗೋಬೇಡಿ. ನಿಮ್ಮ ಅಪಾರ್ಟ್‌ಮೆಂಟಲ್ಲೇ ಕಳೆದ ಒಂದು ವರ್ಷದಲ್ಲಿ ಯಾರು ಮಾರಿದ್ರು ಅಂತ ಅಸೋಸಿಯೇಷನ್ ಸೆಕ್ರೆಟರಿಗೆ ಗೊತ್ತಿರುತ್ತೆ, ಆ ಫ್ಲ್ಯಾಟಿನ ಇಸಿ ತೆಗೆಸಿದ್ರೆ ನೋಂದಣಿಯಾದ ಮೊತ್ತ ಕಾಣುತ್ತೆ. ಮೂರು ಜನ ಬ್ರೋಕರ್‌ಗಳನ್ನ ಬೇರೆ ಬೇರೆಯಾಗಿ ಕೇಳಿ, ಆದ್ರೆ "ಎಷ್ಟಕ್ಕೆ ಹೋಗುತ್ತೆ" ಅಂತ ಕೇಳ್ಬೇಡಿ, "ಮೂರು ತಿಂಗಳೊಳಗೆ ಅಡ್ವಾನ್ಸ್ ಕೈಗೆ ಬರ್ಬೇಕು, ಪೂರ್ತಿ ಚೆಕ್ಕಲ್ಲಿ, ಎಷ್ಟು ಸಿಗುತ್ತೆ" ಅಂತ ಕೇಳಿ. ಉತ್ತರ ತಕ್ಷಣ ಕೆಳಗಿಳಿಯುತ್ತೆ, ನಿಮ್ಮ ಲೆಕ್ಕಕ್ಕೆ ಬೇಕಿರೋದು ಆ ಕೆಳಗಿನ ನಂಬರ್ರೇ. ಪೂರ್ತಿ ಚೆಕ್ಕು ಅಂತ ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ: ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡ್ರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಸಾಲದ್ದಕ್ಕೆ ಆ ನಗದನ್ನ ಹೊಸ ಮನೆಗೆ ಲೆಕ್ಕ ತೋರಿಸೋಕೂ ಆಗಲ್ಲ.

ಮೂರನೇದು, ಕೊಳ್ಳೋರು ಸಿಕ್ಕ ಮೇಲೆ ಅಗ್ರಿಮೆಂಟಲ್ಲಿ ಸಮಯ ತಗೊಳ್ಳಿ. ಮೂರು ತಿಂಗಳು ಮಾಮೂಲಿ, ನಾಲ್ಕು ಕೇಳಿ. ಒಪ್ಪಲಿಲ್ಲ ಅಂದ್ರೆ ರಿಜಿಸ್ಟ್ರೇಷನ್ ಆದ ಮೇಲೂ ಎರಡು ಮೂರು ತಿಂಗಳು ಬಾಡಿಗೆ ಕೊಟ್ಟು ಅದೇ ಮನೇಲಿ ಇರ್ತೀವಿ ಅಂತ ಬರೆಸ್ಕೊಳ್ಳಿ. ಹೂಡಿಕೆಗೆ ಅಂತ ಕೊಳ್ಳೋರು ಇದಕ್ಕೆ ಖುಷಿಯಾಗಿ ಒಪ್ತಾರೆ. ಅವರ ಬ್ಯಾಂಕ್ ಸಾಲ ಮಂಜೂರಾಗಿರೋ ಪತ್ರ ಕಣ್ಣಲ್ಲಿ ನೋಡೋವರೆಗೂ ನೀವು ಎಲ್ಲೂ ಒಂದು ರೂಪಾಯಿ ಟೋಕನ್ ಕೊಡ್ಬೇಡಿ, ಎಷ್ಟೇ ಒಳ್ಳೇ ಮನೆ ಸಿಕ್ಕಿದ್ರೂ ಸರಿ. ಅಂಥಾ ಮನೆ ಇನ್ನೊಂದು ಸಿಗುತ್ತೆ, ರೇಟ್ ಅಲುಗಾಡೋ ಕಾಲದಲ್ಲಿ ಕೈಯಲ್ಲಿ ದುಡ್ಡಿಟ್ಕೊಂಡು ಬಂದೋರಿಗೆ ಮಾಲೀಕರೇ ಇಳಿಸಿ ಕೊಡ್ತಾರೆ.

ಮಾರಿ ಕೂತಾಗ ರೇಟ್ ಏರಿಬಿಟ್ರೆ ಅಂತ ಕೇಳ್ತಾರೆ. ನ್ಯಾಯವಾದ ಭಯಾನೇ. ಅದಕ್ಕೇ ನಡುವಿನ ಗ್ಯಾಪ್ ಆರು ತಿಂಗಳು ದಾಟಬಾರದು ಅನ್ನೋದು. ಆರು ತಿಂಗಳಲ್ಲಿ ಒಂದಿಷ್ಟು ಏರಬಹುದು, ಅದು ಗಡುವಿನ ಭಯಕ್ಕೆ ಮಾರಿ ಕಳ್ಕೊಳ್ಳೋದಕ್ಕಿಂತ ಸಾಮಾನ್ಯವಾಗಿ ಕಮ್ಮಿ.

ಗ್ಯಾಪಲ್ಲಿ ಬಾಡಿಗೆ ಮನೆಗೆ ಹೋಗೋದಾದ್ರೆ 11 ತಿಂಗಳ ಅಗ್ರಿಮೆಂಟಿನ ಮಾಮೂಲಿ ಬಾಡಿಗೇನೇ ಸಾಕು. ಮನೆ ಮಾರಿದ ದುಡ್ಡು ಬ್ಯಾಂಕಲ್ಲಿರೋದು ಗೊತ್ತಾದ ಕೂಡ್ಲೇ "ಬಾಡಿಗೆ ಯಾಕೆ ಕಟ್ತೀರಾ, 25 ಲಕ್ಷ ಲೀಸ್ ಹಾಕಿ" ಅಂತ ಬರ್ತಾರೆ, ಅಂದ್ರೆ ತಿಂಗಳ ಬಾಡಿಗೆ ಬದಲು ಒಂದು ದೊಡ್ಡ ಮೊತ್ತ ಇಟ್ಟು, ಮನೆ ಬಿಡೋವಾಗ ವಾಪಸ್ ತಗೊಳ್ಳೋದು. ಮಧ್ಯವರ್ತಿ ಕಂಪನಿಗಳು ಲೀಸ್ ದುಡ್ಡು ತಾವು ಇಟ್ಕೊಂಡು ಮಾಲೀಕರಿಗೆ ತಿಂಗಳ ಬಾಡಿಗೆ ಕೊಡದೆ ಮಾಯ ಆಗಿರೋ ಪ್ರಕರಣ ಬೆಂಗಳೂರಲ್ಲಿ ಬೇಕಾದಷ್ಟಿದೆ. ಹೊಸ ಮನೆಗೆ ಕಟ್ಟಬೇಕಾದ ದುಡ್ಡನ್ನ ಅಲ್ಲಿ ಸಿಕ್ಕಿಸ್ಬೇಡಿ.

ಹೆಜ್ಜೆ 5: ತೆರಿಗೆ

ಎರಡು ವರ್ಷಕ್ಕಿಂತ ಹೆಚ್ಚು ಇಟ್ಕೊಂಡಿದ್ದ ಮನೆ ಮಾರಿದ್ರೆ ಲಾಭದ ಮೇಲೆ 12.5%. 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ರೆ, ನೀವು ಇಲ್ಲೇ ವಾಸ ಇರೋರಾದ್ರೆ, ಹಣದುಬ್ಬರ ಕಳೆದು 20% ಅನ್ನೋ ಹಳೇ ಲೆಕ್ಕದಲ್ಲಿ ಕಮ್ಮಿ ಬಂದ್ರೆ ಅಷ್ಟೇ ಕಟ್ಟಿದ್ರೆ ಸಾಕು. 2012-13ರಲ್ಲಿ 40 ಲಕ್ಷಕ್ಕೆ ಕೊಂಡ ಫ್ಲ್ಯಾಟನ್ನ 2025-26ರಲ್ಲಿ 80ಕ್ಕೆ ಮಾರಿದ್ರೆ ಹೊಸ ಲೆಕ್ಕದಲ್ಲಿ 5 ಲಕ್ಷ, ಹಳೇ ಲೆಕ್ಕದಲ್ಲಿ 1 ಲಕ್ಷದೊಳಗೆ, ಎಷ್ಟು ವ್ಯತ್ಯಾಸ ನೋಡಿ. ಲಾಭವನ್ನ ಎರಡು ವರ್ಷದೊಳಗೆ ಇನ್ನೊಂದು ಮನೆಗೆ ಹಾಕಿದ್ರೆ ಅದೂ ಇಲ್ಲ. ಅಷ್ಟರಲ್ಲಿ ರಿಟರ್ನ್ ಸಲ್ಲಿಸೋ ಕೊನೇ ದಿನ ಬಂದ್ರೆ ಆ ಹಣವನ್ನ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡ್ಬೇಕು, ಮಾಮೂಲಿ ಎಫ್‌ಡಿಯಲ್ಲಿಟ್ರೆ ವಿನಾಯಿತಿ ಹೋಗುತ್ತೆ, ಇದನ್ನ ಮರೆಯೋರು ಬಹಳ. ನೀವು ಕೊಳ್ಳೋ ಮನೆ 50 ಲಕ್ಷ ಅಥವಾ ಮೇಲಿದ್ರೆ ಮಾಲೀಕರಿಗೆ ಕೊಡೋ ಹಣದಲ್ಲಿ 1% ತೆರಿಗೆ (ಟಿಡಿಎಸ್) ಹಿಡಿದು ಸರ್ಕಾರಕ್ಕೆ ಕಟ್ಟೋದು ನಿಮ್ಮ ಜವಾಬ್ದಾರಿ. ಮಾಲೀಕರು ಅಮೆರಿಕದಲ್ಲೋ ದುಬೈಯಲ್ಲೋ ಇರೋ ಎನ್‌ಆರ್‌ಐ ಆಗಿದ್ರೆ ಈ 1% ನಡೆಯಲ್ಲ, ಕಡಿತ ತುಂಬಾ ಜಾಸ್ತಿ, ಆಗ ಆಡಿಟರ್ ಇಲ್ದೆ ಮುಂದುವರೀಬೇಡಿ.

ಹೆಜ್ಜೆ 6: ಹೋಗೋ ಜಾಗ ಪರೀಕ್ಷೆ ಮಾಡಿ

ಸೋಮವಾರ ಬೆಳಗ್ಗೆ ಎಂಟೂವರೆಗೆ ಅಲ್ಲಿಂದ ಆಫೀಸಿಗೆ, ಸ್ಕೂಲಿಗೆ ಹೋಗಿ ನೋಡಿ. ಅಸೋಸಿಯೇಷನ್ನವರ ಹತ್ರ ಏಪ್ರಿಲ್ ಮೇ ತಿಂಗಳ ಟ್ಯಾಂಕರ್ ಬಿಲ್ಲು ಕೇಳಿ, 2024ರ ಬೇಸಿಗೇಲಿ ಎಷ್ಟು ದಿನ ನೀರು ರೇಷನ್ ಆಗಿತ್ತು ಅಂತಾನೂ ಕೇಳಿ. ಆ ವರ್ಷ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು ನಿಜ, ಆದ್ರೆ ಈ ಕಟ್ಟಡಕ್ಕೆ ಕನೆಕ್ಷನ್ ಬಂದಿದೆಯಾ ಅನ್ನೋದನ್ನ ಬಿಲ್ಲಲ್ಲೇ ನೋಡ್ಬೇಕು. "ಮೆಟ್ರೋ ಬರುತ್ತೆ" ಅನ್ನೋ ಮಾತಿಗೆ ದುಡ್ಡು ಕೊಡ್ಬೇಡಿ, ಬೊಮ್ಮಸಂದ್ರದ ಹಳದಿ ಮಾರ್ಗಕ್ಕೆ ಜನ ವರ್ಷಗಟ್ಟಲೆ ಕಾದ್ರು, ಕೊನೆಗೆ ಓಡಿದ್ದು 2025ರ ಆಗಸ್ಟಲ್ಲಿ. ರೈಲು ಓಡ್ತಿದ್ರೆ ಕೊಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗದ ಪ್ರೀ-ಲಾಂಚ್ ಬುಕಿಂಗ್ ಅಂತೂ ಕಾನೂನೇ ಒಪ್ಪಲ್ಲ, ಅದಕ್ಕೆ ಅಡ್ವಾನ್ಸ್ ಕೊಡ್ಲೇಬೇಡಿ.

ಇನ್ನೂ ಅನುಮಾನ ಇದ್ರೆ ನನ್ನ ಮೊದಲ ಸಲಹೆ ಇದೇ: ನಿಮ್ಮ ಮನೆ ಬಾಡಿಗೆಗೆ ಕೊಟ್ಟು, ಹೋಗ್ಬೇಕು ಅಂದ್ಕೊಂಡಿರೋ ಏರಿಯಾದಲ್ಲೇ 11 ತಿಂಗಳು ಬಾಡಿಗೆಗಿರಿ. ಕೋಟಿ ದಾಟಿದ ಮನೆಗಳ ಬಾಡಿಗೆ ಅದರ ಇಎಂಐಗಿಂತ ಎಷ್ಟೋ ಕಮ್ಮಿ, ಒಂದು ಬೇಸಿಗೆ ಒಂದು ಮಳೆಗಾಲ ಅಲ್ಲಿ ಕಳೆದ್ರೆ ಬ್ರೋಕರ್ ಹೇಳದೇ ಇರೋದೆಲ್ಲ ಗೊತ್ತಾಗುತ್ತೆ.

ಹೆಜ್ಜೆ 7: ಮಾತುಕತೆ, ಸಾಗಣೆ

ಆಷಾಢದಲ್ಲಿ ಮನೆ ನೋಡಿ. ಆ ತಿಂಗಳು ಬಹಳ ಜನ ಅಡ್ವಾನ್ಸ್ ಕೊಡಲ್ಲ, ಗೃಹಪ್ರವೇಶ ಇಟ್ಕೊಳ್ಳಲ್ಲ, ಮಾಲೀಕರು ಮಾತಿಗೆ ಸಿಗ್ತಾರೆ. ರೇಟ್ ಆಷಾಢದಲ್ಲಿ ಮುಗಿಸಿ, ಅಗ್ರಿಮೆಂಟು ಶ್ರಾವಣದಲ್ಲಿ ಮಾಡ್ಕೊಂಡ್ರೆ ಮನೇಲಿ ಹಿರಿಯರಿಗೂ ಸಮಾಧಾನ. ಸಾಗಿಸೋದು ಸುಲಭ, ಪ್ಯಾಕರ್ಸ್‌ನವರಿಗೆ ಪೂರ್ತಿ ದುಡ್ಡು ಮುಂಚೆ ಕೊಡ್ಬೇಡಿ ಅಷ್ಟೇ. ಮನೆ ಖಾಲಿ ಮಾಡೋ ದಿನ ಕರೆಂಟ್ ಮೀಟರಿನ ಫೋಟೋ ತಗೊಳ್ಳಿ, ಹೊಸ ಮನೆಯ ರಿಜಿಸ್ಟ್ರೇಷನ್ ಆದ ವಾರದಲ್ಲೇ ಖಾತೆ ವರ್ಗಾವಣೆ ಆಯ್ತಾ ನೋಡಿ, ಬೆಸ್ಕಾಂ ಮತ್ತೆ ನೀರಿನ ಬಿಲ್ಲಿನಲ್ಲಿ ಹೆಸರು ಬದಲಾಯಿಸೋಕೆ ಅರ್ಜಿ ಹಾಕಿ.